ವಜ್ರದ ಉಂಗುರವೂ ಅದನ್ನು ತೊಡುವ ಕೈಯೂ

ಹೆಣ್ಣಿನ ಕಡೆಯವರೂ ಗಂಡಿನ ಕಡೆಯವರೂ ಎದುರುಬದುರಾಗಿ ಕುಳಿತು ವೀಳ್ಯದ ಹರಿವಾಣವನ್ನು ಬದಲಾಯಿಸಿಕೊಂಡರೆಂದರೆ ನಮ್ಮ ಕಡೆಯ ಹಿಂದೂ ಮನೆಗಳಲ್ಲಿ ಮದುವೆಯ ಮಾತು ಸ್ಥಿರವಾಯಿತೆಂದೇ ಲೆಕ್ಕ. ಆ ಮಾತಿಗೆ ಉಂಗುರದ ಸಾಕ್ಷ್ಯವು ಬೇಕಾಗಿರಲಿಲ್ಲ. ಕ್ರೈಸ್ತ ಬಂಧುಗಳಲ್ಲಿ ಉಂಗುರಕ್ಕೆ ಇಗರ್ಜಿಯ ವಿಧಿಯಲ್ಲಿಯೇ ಸ್ಥಾನವುಂಟಾದರೂ ಅಲ್ಲಿ ಮುಖ್ಯವಾದುದು ಆಶೀರ್ವಾದವೇ ಹೊರತು ಹರಳಲ್ಲ. ಕಾಲವು ಬದಲಾಗಿರುವುದು. ಈಗ ಕಂಕನಾಡಿಯಲ್ಲಿ ಯಾವ ಮತದವರ ಮನೆಯಲ್ಲಿ ನಿಶ್ಚಿತಾರ್ಥವು ಗೊತ್ತಾದರೂ ಊಟದ ಎಲೆಗಳ ಲೆಕ್ಕಕ್ಕಿಂತ ಮೊದಲು ಏಳುವ ಪ್ರಶ್ನೆಯು ಒಂದೇ: ವಜ್ರದ ಉಂಗುರವು ಎಂತಹದಿರಬೇಕು?

ಈ ಪದ್ಧತಿಯು ಎಲ್ಲಿಂದ ಬಂದಿತೆಂಬುದನ್ನು ತಿಳಿದುಕೊಂಡರೆ ಕೈಚೀಲಕ್ಕೆ ಹಿತವಾದೀತು. ಆಸ್ಟ್ರಿಯದ ರಾಜಕುಮಾರ ಮ್ಯಾಕ್ಸಿಮಿಲಿಯನನು 1477ನೆಯ ಇಸವಿಯಲ್ಲಿ ಬರ್ಗಂಡಿಯ ಮೇರಿಗೆ ವಜ್ರದ ಉಂಗುರವನ್ನು ಕೊಟ್ಟನೆಂಬುದು ಎಲ್ಲರೂ ಹೇಳುವ ಉದಾಹರಣೆ. ಆದರೆ ಸಾಮಾನ್ಯ ಗೃಹಸ್ಥರ ಮನೆಗಳಲ್ಲಿ ಅದನ್ನು ಹೊಗಿಸಿದವರು ರಾಜರಲ್ಲ, ವರ್ತಕರು. ದಕ್ಷಿಣ ಆಫ್ರಿಕದಲ್ಲಿ 1860ರ ದಶಕದ ಕೊನೆಯಿಂದ ಗಣಿಗಳು ದೊರೆತ ಬಳಿಕ ವಜ್ರಗಳು ರಾಶಿರಾಶಿಯಾಗಿ ಪೇಟೆಗೆ ಬಂದುವು. ಅವನ್ನು ಮಾರಬೇಕಾಗಿದ್ದ ಡಿ ಬೀರ್ಸ್ ಕಂಪೆನಿಗಾಗಿ ಫ್ರಾನ್ಸಿಸ್ ಜೆರೆಟಿ ಎಂಬ ಅಮೇರಿಕದ ಮಹಿಳೆಯು 1947ರಲ್ಲಿ, ವಜ್ರವೆಂದರೆ ಶಾಶ್ವತವೆಂಬರ್ಥದ ನಾಲ್ಕೇ ಶಬ್ದಗಳ ಘೋಷಣೆಯನ್ನು ಬರೆದುಕೊಟ್ಟಳು. ಉಂಗುರಕ್ಕೆ ಇಷ್ಟು ತಿಂಗಳ ಸಂಬಳವನ್ನು ಸುರಿಯಬೇಕೆಂಬ ಅಳತೆಯೂ ಜಾಹೀರಾತಿನ ಕೂಸೇ. ಆದುದರಿಂದ ‘ಒಂದು ಕ್ಯಾರೆಟ್ಟಿಗೆ ಕಡಮೆಯಾದರೆ ಮರ್ಯಾದೆಯಲ್ಲ’ ಎಂದು ನೆಂಟರಾರಾದರೂ ಹೇಳಿದರೆ ನಕ್ಕು ಸುಮ್ಮನಿರಬಹುದು.

ಅಂಗಡಿಗೆ ಹೋದವರು ಮೊದಲು ಕೇಳುವುದು ಕಲ್ಲಿನ ತೂಕವನ್ನು, ಅನಂತರ ಬೆಲೆಯನ್ನು. ಕಲ್ಲನ್ನು ಚಿನ್ನದಲ್ಲಿ ಹೇಗೆ ಕೂರಿಸಿದೆಯೆಂಬುದನ್ನು ಕಡೆಗೆ ನೋಡಿದರೆ ನೋಡಿದರು, ಇಲ್ಲವಾದರೆ ಇಲ್ಲ. ಈ ಕ್ರಮವು ತಲೆಕೆಳಗೆಂದು ನನ್ನ ಅಭಿಪ್ರಾಯ. ಮೊದಲು ಆ ಉಂಗುರವನ್ನು ತೊಡುವ ಕೈ ದಿನವಿಡೀ ಏನು ಮಾಡುವುದೆಂದು ವಿಚಾರಿಸಬೇಕು.

ಕಂಕನಾಡಿಯೆಂದೊಡನೆ ಪರವೂರಿನವರಿಗೆ ನೆನಪಾಗುವುದು ಆಸ್ಪತ್ರೆ. ಫಾದರ್ ಆಗಸ್ಟಸ್ ಮುಲ್ಲರರು 1880ರಲ್ಲಿ ಇಲ್ಲಿ ಆರಂಭಿಸಿದ ಚಿಕ್ಕ ಹೋಮಿಯೋಪತಿ ಔಷಧಶಾಲೆಯು ಇಂದು ವೈದ್ಯಕೀಯ ಕಾಲೇಜನ್ನೂ ದಾದಿಯರ ಕಾಲೇಜನ್ನೂ ಒಳಗೊಂಡ ದೊಡ್ಡ ಸಂಸ್ಥೆಯಾಗಿ ಬೆಳೆದಿರುವುದು. ಆದಕಾರಣ ಈ ಸುತ್ತಿನಲ್ಲಿ ನಿಶ್ಚಿತಾರ್ಥಕ್ಕೆ ಕೈನೀಡುವ ಹುಡುಗಿಯರಲ್ಲಿ ದಾದಿಯರೂ ವೈದ್ಯೆಯರೂ ಅನೇಕರು. ಅವರು ದಿನಕ್ಕೆ ಹತ್ತಾರು ಸಲ ಕೈತೊಳೆಯಬೇಕು, ರಬ್ಬರಿನ ಕೈಗವಸನ್ನು ಹಾಕಿ ತೆಗೆಯಬೇಕು. ಎತ್ತರಕ್ಕೆ ಎದ್ದುನಿಂತ ಹರಳು ಅಂತಹ ಗವಸನ್ನು ಹರಿಯುವುದು. ಅದರ ಸಂದುಗಳಲ್ಲಿ ಕೊಳೆ ನಿಲ್ಲುವುದು. ರೋಗಿಗಳ ಶುಶ್ರೂಷೆಯ ವೇಳೆಯಲ್ಲಿ ಹರಳಿನ ಉಂಗುರವನ್ನು ತೆಗೆದಿಡುವುದೇ ಸ್ವಚ್ಛತೆಯ ಕ್ರಮ. ತೆಗೆದಿಟ್ಟ ಉಂಗುರವು ಕಳೆದುಹೋಗುವ ಉಂಗುರ. ಮನೆಯ ಕೆಲಸವೇನೂ ಕಡಮೆಯದಲ್ಲ: ಮೀನು ತೊಳೆಯುವ, ತೆಂಗಿನಕಾಯಿ ತುರಿಯುವ, ಅಕ್ಕಿಹಿಟ್ಟು ಕಲಸುವ ಕೈಗೂ ಎತ್ತರದ ಹರಳು ಶತ್ರುವೇ.

ಇಲ್ಲಿ ಕಲ್ಲನ್ನು ಕೂರಿಸುವ ಬಗೆಗಳನ್ನು ತಿಳಿಯಬೇಕು. ಅಂಗಡಿಗಳಲ್ಲಿ ಹೆಚ್ಚಾಗಿ ತೋರಿಸುವುದು ಪ್ರಾಂಗ್ ಎಂಬುದನ್ನು. ಎಂದರೆ ನಾಲ್ಕು ಅಥವಾ ಆರು ಸಣ್ಣ ಚಿನ್ನದ ಉಗುರುಗಳು ಕಲ್ಲನ್ನು ಮೇಲೆತ್ತಿ ಹಿಡಿದಿರುವುವು. ನ್ಯೂಯಾರ್ಕಿನ ಟಿಫನಿಯವರು 1886ರಲ್ಲಿ ಆರು ಉಗುರುಗಳ ಉಂಗುರವನ್ನು ಪ್ರಸಿದ್ಧಿಗೆ ತಂದರು. ಬೆಳಕು ಎಲ್ಲ ಕಡೆಯಿಂದ ಹೊಗುವುದರಿಂದ ಕಲ್ಲು ಚೆನ್ನಾಗಿ ಕಾಣುವುದು, ನಿಜ. ನಾಲ್ಕು ಉಗುರುಗಳಲ್ಲಿ ಒಂದು ಮುರಿದರೆ ಕಲ್ಲು ಬೀಳುವ ಸಂಭವ ಹೆಚ್ಚು. ಆರರಲ್ಲಿ ಒಂದು ಹೋದರೆ ಉಳಿದ ಐದು ಹಿಡಿದಾವು. ಇನ್ನೊಂದು ಬೆಜೆಲ್, ಇದರಲ್ಲಿ ಚಿನ್ನದ ತೆಳುವಾದ ಅಂಚು ಕಲ್ಲಿನ ಸುತ್ತ ಬೇಲಿಯಂತೆ ಮಡಚಿಕೊಂಡಿರುವುದು. ಕಲ್ಲು ತಗ್ಗಾಗಿ ಕುಳಿತಿರುವುದು, ಸೀರೆಯ ಜರಿಗಾಗಲಿ ಮಗುವಿನ ಕೆನ್ನೆಗಾಗಲಿ ತಾಗದು. ಹೊಳಪು ಸ್ವಲ್ಪ ಕಡಮೆಯೆಂದು ವರ್ತಕರು ಹೇಳುವರು. ಚೆನ್ನಾಗಿ ಸಾಣೆ ಹಿಡಿದ ಕಲ್ಲಿಗೆ ಬೆಳಕು ಮೇಲಿನಿಂದಲೇ ಬರುವುದಾದುದರಿಂದ ಆ ಕೊರತೆಯು ಕಣ್ಣಿಗೆ ಬೀಳುವಷ್ಟಿಲ್ಲ. ದುಡಿಯುವ ಕೈಗೆ ನಾನು ಸೂಚಿಸುವುದು ಇದನ್ನೇ.

ಉಂಗುರದ ಬಳೆಯ ಮೇಲೆಲ್ಲ ಸಾಸಿವೆಕಾಳಿನಂತಹ ವಜ್ರಗಳನ್ನು ಕೂರಿಸಿದ ಬಗೆಯೂ ಈಗ ಬಹಳ ಬಳಕೆಯಲ್ಲಿದೆ. ನೋಡಲು ಸೊಗಸು, ಆದರೆ ಆ ಕಾಳುಗಳು ಒಂದೊಂದಾಗಿ ಉದುರುವುವು. ಬಳೆಯ ಸುತ್ತಲೂ ಕಲ್ಲಿದ್ದರೆ ಮುಂದೆ ಉಂಗುರವನ್ನು ದೊಡ್ಡದು ಚಿಕ್ಕದು ಮಾಡಿಸುವಂತೆಯೂ ಇಲ್ಲ.

ಚಿನ್ನದ ವಿಷಯದಲ್ಲಿ ನಮ್ಮವರ ಹಟವೊಂದುಂಟು: 22 ಕ್ಯಾರೆಟ್ಟಿನದೇ ಆಗಬೇಕು. ಸರಕ್ಕೂ ಬಳೆಗೂ ಅದು ಸರಿ. ಆದರೆ ಅಷ್ಟು ಮೆತ್ತನೆಯ ಚಿನ್ನದ ಉಗುರು ಬಾಗುವುದು, ಸವೆಯುವುದು. ಆದುದರಿಂದಲೇ ವಜ್ರದ ಆಭರಣಗಳನ್ನು 18 ಕ್ಯಾರೆಟ್ಟಿನಲ್ಲಿ ಮಾಡುವರು. ಅದರ ಮೇಲೆ 750 ಎಂಬ ಗುರುತಿರುವುದು, 22 ಕ್ಯಾರೆಟ್ಟಿನ ಮೇಲೆ 916 ಇರುವಂತೆ. ಬಿ.ಐ.ಎಸ್. ಮುದ್ರೆಯೂ, 2021ರಿಂದ ಜಾರಿಗೆ ಬಂದ ಆರು ಅಕ್ಷರಾಂಕಗಳ ಗುರುತುಸಂಖ್ಯೆಯೂ ಉಂಗುರದ ಒಳಮೈಯಲ್ಲಿ ಇವೆಯೇ ಎಂದು ಮಸೂರದಿಂದ ನೋಡಿರಿ.

ಇನ್ನು ಸಾಣೆಯ ವಿಷಯ. ಬ್ರೆಜಿಲಿನಲ್ಲಿ 1720ರ ದಶಕದಲ್ಲಿ ವಜ್ರಗಳು ದೊರೆಯುವ ವರೆಗೆ ಲೋಕಕ್ಕೆ ವಜ್ರವನ್ನು ಒದಗಿಸುತ್ತಿದ್ದುದು ಮುಖ್ಯವಾಗಿ ನಮ್ಮ ದೇಶ. ಕೃಷ್ಣಾ ನದಿಯ ಪ್ರಾಂತದ ಗಣಿಗಳ ಕೀರ್ತಿಯು ಎಲ್ಲರಿಗೂ ತಿಳಿದದ್ದೇ. ಹದಿನೇಳನೆಯ ಶತಮಾನದಲ್ಲಿ ಆ ಗಣಿಗಳನ್ನು ಕಂಡುಹೋದ ಫ್ರೆಂಚ್ ವರ್ತಕ ಟವೆರ್ನಿಯೆಯು ಒಂದು ಮಾರ್ಮಿಕವಾದ ಸಂಗತಿಯನ್ನು ಬರೆದಿಟ್ಟಿರುವನು. ಇಲ್ಲಿನ ಕುಶಲಿಗಳು ನಿರ್ಮಲವಾದ ಕಲ್ಲನ್ನು ತೂಕ ಕುಂದೀತೆಂಬ ಅಂಜಿಕೆಯಿಂದ ಸಾಣೆಗೆ ಸೋಕಿಸಿಯೂ ಸೋಕಿಸದಂತೆ ಬಿಡುತ್ತಿದ್ದರಂತೆ. ಕಲ್ಲಿನಲ್ಲಿ ದೋಷವಿದ್ದರೆ ಮಾತ್ರ ಅದನ್ನು ಮರೆಸಲು ಹಲವು ಮುಖಗಳನ್ನು ಕೆತ್ತುತ್ತಿದ್ದರಂತೆ. ತೂಕದ ಮೇಲಣ ಆ ಮೋಹವು ನಮ್ಮನ್ನು ಇನ್ನೂ ಬಿಟ್ಟಿಲ್ಲ. ಇಂದು ಲೋಕದ ವಜ್ರಗಳಲ್ಲಿ ಹೆಚ್ಚಿನ ಪಾಲು ಸಾಣೆ ಹಿಡಿಯಲ್ಪಡುವುದು ಗುಜರಾತಿನ ಸೂರತ್ತಿನಲ್ಲಿ, ಕುಶಲತೆಗೆ ಕೊರತೆಯಿಲ್ಲ. ಆದರೂ ತೂಕವನ್ನು ಉಳಿಸಲೆಂದು ಹೊಟ್ಟೆ ದಪ್ಪ ಬಿಟ್ಟ ಕಲ್ಲುಗಳು ಪೇಟೆಯಲ್ಲಿ ಧಾರಾಳವಾಗಿವೆ.

ಸಾಣೆಯ ಗುಣವೆಂದರೇನು? ಮೇಲಿನಿಂದ ಹೊಕ್ಕ ಬೆಳಕು ಕೆಳಗಣ ಇಳಿಜಾರು ಮುಖಗಳಿಗೆ ತಾಗಿ ತಿರುಗಿ ಮೇಲಕ್ಕೇ ಬರಬೇಕು. ಕಲ್ಲು ಆಳ ಹೆಚ್ಚಾದರೂ ಕಡಮೆಯಾದರೂ ಬೆಳಕು ತಳದಿಂದ ಸೋರಿಹೋಗುವುದು. ನಡುವೆ ಕಪ್ಪಾಗಿಯೋ ಗಾಜಿನಂತೆ ಪೇಲವವಾಗಿಯೋ ಕಾಣುವುದು. ಮಾರ್ಸೆಲ್ ಟೊಲ್ಕೊವ್‌ಸ್ಕಿ ಎಂಬವರು 1919ರಲ್ಲಿ ಇದರ ಗಣಿತವನ್ನು ಪ್ರಕಟಿಸಿದರು. ಐವತ್ತೇಳೆಂಟು ಮುಖಗಳ ದುಂಡು ಬ್ರಿಲಿಯಂಟ್ ಸಾಣೆಗೆ ಅದೇ ಆಧಾರವಾಯಿತು. ಇಂತಹ ಕಲ್ಲಿನ ಆಳವು ಅಗಲದ ನೂರಕ್ಕೆ 60ರ ಆಸುಪಾಸಿನಲ್ಲಿರಬೇಕು. ಅಂಗಡಿಯ ಮಾಡಿನಲ್ಲಿ ಉರಿಯುವ ದೀಪಗಳು ಗಾಜಿನ ಚೂರನ್ನೂ ಹೊಳೆಯಿಸುವಂತಹವು. ಉಂಗುರವನ್ನು ಬಾಗಿಲಿನ ಬಳಿಗೆ ತಂದು ಹಗಲಿನ ಬೆಳಕಿನಲ್ಲಿ ನೋಡಲು ಕೇಳಿಕೊಳ್ಳಿರಿ. ಒಳ್ಳೆಯ ವರ್ತಕನು ಬೇಡವೆನ್ನನು.

ತೂಕಕ್ಕೂ ಕಾಣುವ ಗಾತ್ರಕ್ಕೂ ಇರುವ ಸಂಬಂಧವನ್ನು ಗೃಹಿಣಿಯರು ಒಮ್ಮೆ ಲೆಕ್ಕ ಹಾಕಿ ನೋಡಬೇಕು. ಒಂದು ಕ್ಯಾರೆಟ್ಟೆಂದರೆ 200 ಮಿಲಿಗ್ರಾಂ, ಅಥವಾ 100 ಸೆಂಟ್. ಚೆನ್ನಾಗಿ ಸಾಣೆ ಹಿಡಿದ ಒಂದು ಕ್ಯಾರೆಟ್ಟಿನ ದುಂಡು ಕಲ್ಲಿನ ಅಗಲವು ಸುಮಾರು 6.5 ಮಿಲಿಮೀಟರ್, 50 ಸೆಂಟಿನದು ಸುಮಾರು 5.2. ತೂಕವು ಅರ್ಧವಾದರೂ ಅಗಲದಲ್ಲಿ ಕುಂದಿದುದು ಐದರಲ್ಲೊಂದು ಪಾಲು ಮಾತ್ರ. ಬೆಲೆಯಾದರೋ ಅರ್ಧಕ್ಕಿಂತ ಬಹಳ ಕೆಳಗಿಳಿಯುವುದು, ಏಕೆಂದರೆ ದೊಡ್ಡ ಕಲ್ಲಿಗೆ ಪ್ರತಿ ಕ್ಯಾರೆಟ್ಟಿನ ದರವೇ ಹೆಚ್ಚು. 50, 100 ಎಂಬ ದುಂಡು ಸಂಖ್ಯೆಗಳಲ್ಲಿ ದರವು ಮೆಟ್ಟಿಲು ಹತ್ತುವುದರಿಂದ 46 ಸೆಂಟಿನದನ್ನು ಕೊಂಡವರು ಜಾಣರು.

ಆಕಾರಗಳಲ್ಲಿ ದುಂಡಗಿನದು ಎಲ್ಲಕ್ಕಿಂತ ಹೊಳೆಯುವುದು, ಬೆಲೆಯೂ ಹೆಚ್ಚು. ಮೊಟ್ಟೆಯಾಕಾರದ ಓವಲ್ ಕಲ್ಲು ಗಿಡ್ಡ ಬೆರಳನ್ನು ನೀಳವಾಗಿ ತೋರಿಸುವುದು. ಎಮರಾಲ್ಡ್ ಎಂಬ ಮೆಟ್ಟಿಲು ಸಾಣೆಯು ಗಂಭೀರವಾದುದು. ಆದರೆ ಅದರ ವಿಶಾಲವಾದ ಮುಖದ ಮೂಲಕ ಒಳಗಣ ಚುಕ್ಕೆಯೊಂದೊಂದೂ ಕಾಣುವುದರಿಂದ ಶುದ್ಧವಾದ ಕಲ್ಲನ್ನೇ ಆರಿಸಬೇಕು. ಚೌಕದ ಪ್ರಿನ್ಸೆಸ್ ಹಾಗೂ ತುದಿ ಚೂಪಾದ ಮಾರ್ಕೀಸ್‌ಗಳ ಮೂಲೆಗಳು ಒಡೆಯಬಲ್ಲವು. ವಜ್ರವನ್ನು ಗೀರಲು ವಜ್ರವೇ ಬೇಕೆಂಬುದು ನಿಜ, ಆದರೆ ಗೀರುವುದು ಬೇರೆ, ಸೀಳುವುದು ಬೇರೆ. ಕೆಲವು ದಿಕ್ಕುಗಳಲ್ಲಿ ಪೆಟ್ಟು ಬಿದ್ದರೆ ಅದು ಸೀಳುವುದು. ಅಂತಹ ಮೂಲೆಗಳ ಮೇಲೆ ಚಿನ್ನದ ಕವಚವಿರಬೇಕು. ಬಣ್ಣದ ವಿಷಯವಾಗಿ ಒಂದೇ ಮಾತು: ಹಳದಿ ಚಿನ್ನದಲ್ಲಿ ಕೂರಿಸುವುದಾದರೆ ಅತ್ಯಂತ ಬಿಳಿದಾದ ‘ಡಿ’ ದರ್ಜೆಗೆ ಹಣ ಸುರಿಯುವುದು ವ್ಯರ್ಥ; ‘ಜಿ’ಯೂ ‘ಎಚ್’ಚೂ ಅದರಲ್ಲಿ ಬೆಳ್ಳಗೇ ಕಾಣುವುವು.

ಮನೆಯಲ್ಲಿ ಹಳೆಯ ವಜ್ರಗಳಿದ್ದವರ ಪ್ರಶ್ನೆಯೇ ಬೇರೆ. ಏಳು ಕಲ್ಲಿನ ಓಲೆಯ ಮುಂದೆ ಕುಳಿತ ಅಜ್ಜಿ ಮೊಮ್ಮಗಳ ಸಂಭಾಷಣೆಯೊಂದು ನನ್ನ ಕಿವಿಗೆ ಬಿದ್ದುದುಂಟು.

“ಅಜ್ಜಿ, ನಿಮ್ಮ ಓಲೆಯ ಒಂದು ಕಲ್ಲು ತೆಗೆಸಿ ನನ್ನ ಉಂಗುರಕ್ಕೆ ಹಾಕಿಸಬಹುದಲ್ಲ?”

“ಹಾಕಿಸಬಹುದು ಮಗಾ. ಆದರೆ ಉಳಿದ ಹದಿಮೂರನ್ನು ನಾನು ಏನು ಮಾಡುವುದು?”

ಅಜ್ಜಿಯ ಮಾತಿನಲ್ಲಿ ಅರ್ಥವುಂಟು. ಹದಿನಾಲ್ಕು ಕಲ್ಲುಗಳನ್ನು ಬಣ್ಣ ಗಾತ್ರಗಳಲ್ಲಿ ಹೊಂದಿಸಿ ತಂದ ಜೋಡಿಯನ್ನು ಒಡೆಯಬಾರದು. ಕಡೆಗೆ ಪೆಟ್ಟಿಗೆಯಿಂದ ಹೊರಬಂದುದು ಒಂಟಿ ಕಲ್ಲಿನ ಮೂಗುತಿ, ಅದೇ ಉಂಗುರವಾಯಿತು. ಇಂತಹ ಕೆಲಸ ಮಾಡಿಸುವವರು ಒಂದನ್ನು ತಿಳಿದಿರಬೇಕು. ಹಿಂದಣ ಕಲ್ಲುಗಳಲ್ಲಿ ಅನೇಕವು ತಳವು ಮುಚ್ಚಿದ ಕ್ಲೋಸ್ ಸೆಟ್ಟಿಂಗಿನವು. ಚಪ್ಪಟೆಯಾದ ಕಲ್ಲಿನ ಬೆನ್ನಿಗೆ ಹೊಳೆಯುವ ತಗಡನ್ನಿಟ್ಟು ಬೆಳಕನ್ನು ತಿರುಗಿಸುತ್ತಿದ್ದರು. ಅಂತಹುದನ್ನು ಬಿಚ್ಚಿ ತೆರೆದ ಉಗುರುಗಳ ಮೇಲೆ ನಿಲ್ಲಿಸಿದರೆ ಕಲ್ಲು ನಿರ್ಜೀವವಾಗಿ ಕಾಣುವುದು, ಮನೆಯವರಿಗೆ ‘ಕಲ್ಲನ್ನೇ ಬದಲಾಯಿಸಿದರೋ’ ಎಂಬ ಸಂಶಯವುಂಟಾಗುವುದು. ಮುಚ್ಚಿದ ತಳದಲ್ಲಿಯೇ ಇರಿಸಿ ಉಂಗುರಕ್ಕೆ ಬೆಸೆಯುವುದು ಮೇಲು. ಬಿಚ್ಚುವ ಮೊದಲು ತೂಗಿಸಿ, ಚಿತ್ರ ತೆಗೆದು, ಬರೆಯಿಸಿಕೊಂಡರೆ ಆಚಾರಿಗೂ ನಿಮಗೂ ಮನಸ್ತಾಪವಿಲ್ಲ. ‘ಬ್ಲೂ ಜಾಗರ್’ ಎಂಬ ಹೆಸರನ್ನು ಹಿರಿಯರು ಹೆಮ್ಮೆಯಿಂದ ಹೇಳುವರು. ಅದು ದಕ್ಷಿಣ ಆಫ್ರಿಕದ ಜಾಗರ್ಸ್‌ಫಾಂಟೇನ್ ಗಣಿಯ ನೀಲಿಛಾಯೆಯ ಕಲ್ಲು. ಆ ಗಣಿಯು 1971ರಲ್ಲಿ ಮುಚ್ಚಿತು. ಈಗ ಹೊಸದೆಂದು ಅದೇ ಹೆಸರಿನಲ್ಲಿ ಮಾರುವವರಿದ್ದರೆ ಹೆಸರಿಗಾಗಿ ಹೆಚ್ಚಿನ ಹಣ ಕೊಡಬೇಡಿರಿ.

ಯಂತ್ರಾಗಾರದಲ್ಲಿ ಬೆಳೆಸಿದ ವಜ್ರದ ಮಾತು ಈಗ ಎಲ್ಲೆಲ್ಲಿಯೂ ಇರುವುದು. ಅದು ಸುಳ್ಳು ವಜ್ರವಲ್ಲ. ಅದೇ ಇಂಗಾಲ, ಅದೇ ಕಾಠಿನ್ಯ, ಅದೇ ಹೊಳಪು. ಅಮೇರಿಕನ್ ಡೈಮಂಡ್ ಎಂಬ ಬೇರೆಯೇ ಪದಾರ್ಥದೊಡನೆ ಅದನ್ನು ಬೆರೆಸಬಾರದು. ಬರಿಗಣ್ಣಿಗೆ ಭೂಮಿಯ ವಜ್ರಕ್ಕೂ ಇದಕ್ಕೂ ಭೇದವೇ ತೋರದು. ಆದುದರಿಂದ ಪರೀಕ್ಷಾಸಂಸ್ಥೆಯ ಪತ್ರವನ್ನು ಕೇಳಿ, ಅದರ ಸಂಖ್ಯೆಯು ಕಲ್ಲಿನ ಅಂಚಿನಲ್ಲಿ ಕೊರೆದುದಕ್ಕೆ ಸರಿಹೋಗುವುದೇ ನೋಡಿರಿ. ಇದರ ಬೆಲೆಯು ಬಹು ಕಡಮೆ, ಇನ್ನೂ ಇಳಿಯುತ್ತಲಿದೆ. ಹೊಸ ಸಂಸಾರಕ್ಕೆ ಹಣ ಕೂಡಿಡಬೇಕಾದ ಹುಡುಗನು ಇದನ್ನು ಕೊಟ್ಟರೆ ನನಗೆ ಏನೂ ಕುಂದು ತೋರದು, ಹುಡುಗಿಗೆ ಮುಂಚಿತವಾಗಿ ತಿಳಿಸಿದ್ದರೆ. ಆಪತ್ತಿಗಾದೀತೆಂದು ವಜ್ರ ಕೊಳ್ಳುವವರು ಮಾತ್ರ ಎಚ್ಚರದಿಂದಿರಬೇಕು: ಚಿನ್ನವು ದಿನದ ದರಕ್ಕೆ ಮರಳುವಂತೆ ವಜ್ರವು, ಯಾವುದೇ ಆಗಲಿ, ಕೊಂಡ ಬೆಲೆಗೆ ಮರಳುವುದಿಲ್ಲ. ಬಿಲ್ಲಿನಲ್ಲಿ ಚಿನ್ನದ ನಿವ್ವಳ ತೂಕ, ಕಲ್ಲಿನ ತೂಕ, ಮಜೂರಿ ಇವು ಬೇರೆಬೇರೆಯಾಗಿರಲಿ. ಕಲ್ಲಿನ ತೂಕಕ್ಕೆ ಚಿನ್ನದ ದರ ಬೀಳದಿರಲಿ. ಗಲ್ಫಿನಲ್ಲಿರುವ ಮಗನು ಅಲ್ಲಿಂದಲೇ ತರುವುದಾದರೆ ಅಳತೆಯನ್ನು ಮೊದಲೇ ಕಳುಹಿಸಿರಿ. ನಮ್ಮ ಕಡಲತೀರದ ಸೆಕೆಗೆ ಬೆರಳು ಊದುವುದುಂಟು. ತಂಪಾದ ಬೆಳಗಿನಲ್ಲಲ್ಲ, ಸಂಜೆಯ ಹೊತ್ತು ಅಳತೆ ತೆಗೆಯಬೇಕು.

ಮನೆಗೆ ಬಂದ ಬಳಿಕ ವಜ್ರದ ಮೊದಲನೆಯ ವೈರಿ ತೆಂಗಿನೆಣ್ಣೆ. ವಜ್ರಕ್ಕೆ ಜಿಡ್ಡನ್ನು ಹಿಡಿದುಕೊಳ್ಳುವ ಗುಣವಿರುವುದು. ಗಣಿಗಳಲ್ಲಿ ಜಿಡ್ಡು ಸವರಿದ ಹಲಗೆಗಳ ಮೇಲೆ ನೀರಿನೊಡನೆ ಕಲ್ಲುಪುಡಿಯನ್ನು ಹರಿಯಿಸಿ ವಜ್ರವನ್ನು ಬೇರ್ಪಡಿಸುತ್ತಿದ್ದುದು ಆ ಗುಣದಿಂದಲೇ. ಮದುವೆಯ ಮುನ್ನಾದಿನ ಕ್ರೈಸ್ತರ ಮನೆಗಳಲ್ಲಿ ನಡೆಯುವ ರೋಸ್ ಸಮಾರಂಭದಲ್ಲಿ ತೆಂಗಿನ ಹಾಲೂ ಎಣ್ಣೆಯೂ, ಹಿಂದೂ ಮನೆಗಳಲ್ಲಿ ಎಣ್ಣೆ ಅರಸಿನಗಳೂ ಧಾರೆಯಾಗಿ ಸುರಿಯುವ ವೇಳೆ ಉಂಗುರವು ತಾಯಿಯ ಪೆಟ್ಟಿಗೆಯಲ್ಲಿರಲಿ. ಅನಂತರ ಮಂಕಾದಂತೆ ಕಂಡಾಗ ಉಗುರುಬೆಚ್ಚಗಿನ ನೀರಿನಲ್ಲಿ ಮೃದುವಾದ ಸಾಬೂನು ಕದಡಿ, ಹಳೆಯ ಮೆತ್ತನೆಯ ಹಲ್ಲುಜ್ಜುವ ಬ್ರಷ್ಷಿನಿಂದ ಕಲ್ಲಿನ ಬೆನ್ನನ್ನು ತಿಕ್ಕಿ ತೊಳೆದರೆ ಸಾಕು. ಕೆಳಗೊಂದು ಬಟ್ಟಲಿಟ್ಟುಕೊಳ್ಳಿರಿ, ಬಚ್ಚಲ ಕಂಡಿಯ ಮೇಲೆ ತೊಳೆಯಬೇಡಿರಿ. ತಳ ಮುಚ್ಚಿದ ಹಳೆಯ ಕಲ್ಲನ್ನು ನೀರಿನಲ್ಲಿ ಮುಳುಗಿಸಲೇಬಾರದು. ನೀರು ಒಳಸೇರಿದರೆ ತಗಡು ಕಪ್ಪಾಗುವುದು. ಆಗಾಗ ಉಂಗುರವನ್ನು ಕಿವಿಯ ಬಳಿ ಹಿಡಿದು ಬೆರಳಿನಿಂದ ಮೆಲ್ಲನೆ ತಟ್ಟಿ ನೋಡಿರಿ. ಟಿಕ್ಕೆಂಬ ಸಣ್ಣ ಸದ್ದು ಕೇಳಿದರೆ ಕಲ್ಲು ಸಡಿಲವಾಗಿದೆಯೆಂದು ತಿಳಿದು, ಅಂದಿನಿಂದಲೇ ಅದನ್ನು ತೊಡದೆ ಆಚಾರಿಯ ಬಳಿಗೆ ಒಯ್ಯಬೇಕು.