ಮನೆಯ ರೂಟರ್ ಯಾರದು?

ವಿದ್ಯುಚ್ಛಕ್ತಿಯು ತಂತಿಯ ಮೂಲಕ ನಮ್ಮ ಮನೆಯನ್ನು ಸೇರುತ್ತದೆ. ಮೀಟರಿನವರೆಗಿನ ವ್ಯವಸ್ಥೆ ಅದನ್ನು ಒದಗಿಸುವವರ ಹೊಣೆ. ಅದರಿಂದ ಈಚೆಗೆ ಇರುವುದೆಲ್ಲ ಮನೆಯವರದು. ಯಾವ ದೀಪವನ್ನು ಉರಿಸಬೇಕು, ಯಾವ ಫ್ಯಾನನ್ನು ಕೊಳ್ಳಬೇಕು ಎಂದು ಅವರು ನಮಗೆ ವಿಧಿಸುವುದಿಲ್ಲ. ಅಂತರಜಾಲವೂ ಹೀಗೆಯೇ ಹೊರಗಿನಿಂದ ಮನೆಗೆ ಬರುತ್ತದೆ. ಆದರೆ ಅದರ ಜೊತೆಯಲ್ಲಿ ಸೇವೆ ನೀಡುವ ಸಂಸ್ಥೆಯವರು ಒಂದು ಪುಟ್ಟ ಪೆಟ್ಟಿಗೆಯನ್ನೂ ತಂದು ಗೋಡೆಗೆ ತೂಗುಹಾಕಿ ಹೋಗುತ್ತಾರೆ. ನಾವು ರೂಟರ್ ಎಂದು ಕರೆಯುವುದು ಇದನ್ನೇ. ಇದು ದೀಪದಂತೆ ನಮ್ಮದೋ, ಮೀಟರಿನಂತೆ ಅವರದೋ? ಇದನ್ನು ತೆಗೆದು, ನಾವೇ ಕೊಂಡ ಬೇರೊಂದನ್ನು ಇಡಬಹುದೆ? ಉತ್ತರ ತಿಳಿಯಬೇಕಾದರೆ ಮೊದಲು ಪೆಟ್ಟಿಗೆಯ ಒಳಗೆ ನಡೆಯುವ ಕೆಲಸವನ್ನು ಅರಿಯಬೇಕು.

ಹೆಸರು ಒಂದೇ ಆದರೂ ಇಂದಿನ ಫೈಬರ್ ಸಂಪರ್ಕದ ಪೆಟ್ಟಿಗೆಯಲ್ಲಿ ಅನೇಕ ವೇಳೆ ಮೂರು ಉಪಕರಣಗಳು ಅಡಗಿರುತ್ತವೆ.

ಮೊದಲನೆಯದು ಬೆಳಕನ್ನು ವಿದ್ಯುತ್ ಸಂಕೇತವನ್ನಾಗಿ ಮಾರ್ಪಡಿಸುವ ಉಪಕರಣ. ಇದಕ್ಕೆ ಓ.ಎನ್.ಟಿ. ಎಂದು ಹೆಸರು. ಸಂದೇಶವು ಕೂದಲಿನಂತೆ ತೆಳುವಾದ ಗಾಜಿನ ಎಳೆಯಲ್ಲಿ ಬೆಳಕಿನ ಮಿಡಿತಗಳಾಗಿ ಬರುತ್ತದೆ. ಬಹಳವಾಗಿ ಬಳಕೆಯಲ್ಲಿರುವ ಜಿ-ಪಾನ್ ಎಂಬ ಪದ್ಧತಿಯಲ್ಲಿ ಮನೆಗೆ ಬರುವ ಬೆಳಕಿನ ತರಂಗದೂರ 1490 ನ್ಯಾನೊಮೀಟರ್. ಮನೆಯಿಂದ ಹೊರಡುವ ಬೆಳಕಿನದು 1310 ನ್ಯಾನೊಮೀಟರ್. ಎರಡೂ ಕಣ್ಣಿಗೆ ಕಾಣದ ಅವಕೆಂಪು ಕಿರಣಗಳು. ಕಾಣುವುದಿಲ್ಲವೆಂದು ಎಳೆಯ ತುದಿಯನ್ನು ಕಣ್ಣಿನ ಬಳಿ ಹಿಡಿದು ನೋಡುವುದು ಅಪಾಯಕರ.

ಒಂದೊಂದು ಮನೆಗೂ ಕೇಂದ್ರದಿಂದ ಪ್ರತ್ಯೇಕ ಎಳೆ ಬರುವುದಿಲ್ಲ. ಒಂದೇ ಎಳೆಯ ಬೆಳಕನ್ನು ದಾರಿಯಲ್ಲಿ ಕವಲೊಡೆಸಿ 32 ಅಥವಾ 64 ಮನೆಗಳಿಗೆ ಹಂಚುವುದುಂಟು. ಅಷ್ಟು ಮನೆಗಳಿಂದ ಹಿಂದಿರುಗುವ ಬೆಳಕೂ ಅದೇ ಎಳೆಯನ್ನು ಸೇರಬೇಕು. ಎಲ್ಲರೂ ಏಕಕಾಲದಲ್ಲಿ ಮಾತನಾಡಿದರೆ ಯಾರ ಮಾತೂ ತಿಳಿಯದು. ಆದುದರಿಂದ ಕೇಂದ್ರದ ಯಂತ್ರವು ಪ್ರತಿಯೊಂದು ಮನೆಗೂ ಸರದಿಯನ್ನು ಗೊತ್ತುಮಾಡುತ್ತದೆ; ಈ ಸರದಿಯ ಪಟ್ಟಿಯನ್ನು ಸೆಕೆಂಡಿಗೆ 8,000 ಸಲ ಕಳುಹಿಸುತ್ತದೆ. ಸರದಿಯನ್ನು ಮೀರಿ ಬೆಳಕು ಬೀರುವ ಒಂದೇ ಒಂದು ಪೆಟ್ಟಿಗೆ ನೆರೆಹೊರೆಯವರೆಲ್ಲರ ಸಂಪರ್ಕವನ್ನು ಕೆಡಿಸಬಲ್ಲುದು. ಕ್ರಮಸಂಖ್ಯೆಯನ್ನು ನೋಂದಾಯಿಸದ ಪೆಟ್ಟಿಗೆಯನ್ನು ಕೇಂದ್ರವು ಒಪ್ಪದಿರುವುದಕ್ಕೆ ಇದೂ ಒಂದು ಕಾರಣ.

ಎರಡನೆಯದು ನಿಜವಾದ ರೂಟರ್. ಹಾಸ್ಟೆಲಿಗೆ ಬರುವ ಕಾಗದಗಳ ಮೇಲೆಲ್ಲ ಒಂದೇ ವಿಳಾಸವಿದ್ದರೆ, ಯಾವುದು ಯಾವ ಕೋಣೆಗೆ ಸೇರಬೇಕೆಂದು ವಾರ್ಡನ್ನರು ಪುಸ್ತಕ ನೋಡಿ ವಿಂಗಡಿಸಬೇಕಾಗುತ್ತದೆ. ರೂಟರ್ ಮಾಡುವುದು ಇದೇ ಕೆಲಸ. ಹೊರಗಿನವರಿಗೆ ಮನೆಯ ವಿಳಾಸ ಒಂದೇ. ಒಳಗೆ ಒಂದೊಂದು ಫೋನಿಗೂ ಗಣಕಕ್ಕೂ ಬೇರೆ ಬೇರೆ ವಿಳಾಸ. ಯಾವ ಉತ್ತರ ಯಾರಿಗೆ ಸೇರತಕ್ಕದ್ದೆಂಬ ಲೆಕ್ಕವನ್ನು ಇದು ಇಟ್ಟಿರುತ್ತದೆ. ಕರೆಯದೆ ಬಂದವರನ್ನು ಬಾಗಿಲಲ್ಲೇ ತಡೆಯುವ ಕಾವಲುಗಾರನೂ ಇದೇ.

ಮೂರನೆಯದು ವೈ-ಫೈ, ಅಂದರೆ ರೇಡಿಯೊ ಕೇಂದ್ರ. ಇದರ ತರಂಗಗಳ ಆವರ್ತಾಂಕ ಸಾಮಾನ್ಯವಾಗಿ 2.4 ಅಥವಾ 5 ಗಿಗಾಹರ್ಟ್ಸ್; ತರಂಗದೂರ ಕ್ರಮವಾಗಿ ಸುಮಾರು 12.5 ಮತ್ತು 6 ಸೆಂಟಿಮೀಟರ್. ಬಯಲಿನಲ್ಲಿ ದೂರ ಎರಡರಷ್ಟಾದರೆ ತರಂಗದ ತೀವ್ರತೆ ನಾಲ್ಕರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಮನೆಯಲ್ಲಿ ಗೋಡೆಗಳು ಇನ್ನಷ್ಟನ್ನು ಹೀರುತ್ತವೆ. 5 ಗಿಗಾಹರ್ಟ್ಸಿನ ತರಂಗ ಹೆಚ್ಚು ವೇಗವನ್ನು ಕೊಡಬಲ್ಲುದಾದರೂ ಗೋಡೆಯನ್ನು ದಾಟುವುದರಲ್ಲಿ ಹಿಂದೆ ಬೀಳುತ್ತದೆ.

ಈ ಮೂರರಲ್ಲಿ ಮೊದಲನೆಯದೊಂದೇ ನೆರೆಯವರ ಫೈಬರ್ ಸಂಪರ್ಕಕ್ಕೆ ತೊಡಕಾಗಬಲ್ಲ ಭಾಗ. ಉಳಿದೆರಡು ಮನೆಯೊಳಗಿನ ವ್ಯವಹಾರ. ಸಂಸ್ಥೆಯವರ ಪೆಟ್ಟಿಗೆಯನ್ನು 'ಬ್ರಿಡ್ಜ್' ಸ್ಥಿತಿಯಲ್ಲಿಟ್ಟರೆ ಅದು ಬೆಳಕಿನ ಕೆಲಸವನ್ನು ಮಾತ್ರ ಮಾಡಿ, ಉಳಿದುದನ್ನು ಅದರ ಮುಂದೆ ಜೋಡಿಸಿದ ನಮ್ಮ ರೂಟರಿಗೆ ಬಿಟ್ಟುಕೊಡುತ್ತದೆ. ಆಗ ಸಂಪರ್ಕದ ಬಳಕೆದಾರರ ಹೆಸರು, ಗುಪ್ತಪದ ಮೊದಲಾದ ವಿವರಗಳನ್ನು ಕೇಳಿ ಪಡೆದು ನಮ್ಮ ರೂಟರಿನಲ್ಲಿ ತುಂಬಬೇಕು. ಬ್ರಿಡ್ಜ್ ಮಾಡದೆ ಎರಡು ರೂಟರುಗಳನ್ನು ಒಂದರ ಮುಂದೊಂದು ಇಟ್ಟರೆ, ಒಂದೇ ಕಾಗದವನ್ನು ಇಬ್ಬರು ವಾರ್ಡನ್ನರು ವಿಂಗಡಿಸಿದಂತಾಗುತ್ತದೆ. ಓದುವುದಕ್ಕೂ ಚಿತ್ರ ನೋಡುವುದಕ್ಕೂ ಇದರಿಂದ ಅಡ್ಡಿಯಿಲ್ಲ. ಹೊರಗಿನಿಂದ ಮನೆಯ ಕ್ಯಾಮೆರಾವನ್ನು ನೇರವಾಗಿ ತಲಪಬೇಕಾದಾಗ ತೊಡಕು ತೋರುತ್ತದೆ. ದೂರವಾಣಿಯೂ ಅದೇ ಪೆಟ್ಟಿಗೆಯಿಂದ ನಡೆಯುತ್ತಿದ್ದರೆ, ಬದಲಾವಣೆಯ ಅನಂತರ ಅದು ನಡೆದೀತೇ ಎಂದು ಮೊದಲೇ ವಿಚಾರಿಸಿಕೊಳ್ಳಬೇಕು.

ಹಾಗಾದರೆ ಮೊದಲನೆಯ ಭಾಗ ಎಂದೆಂದಿಗೂ ಸಂಸ್ಥೆಯವರದೇ ಆಗಿರಬೇಕೆ? ಇಲ್ಲಿ ಎರಡು ವಿಷಯಗಳನ್ನು ಬೇರ್ಪಡಿಸಿ ನೋಡಬೇಕು. ಸರದಿಯನ್ನು ಪಾಲಿಸಲೇಬೇಕೆಂಬುದು ಬೆಳಕಿನ ಸ್ವಭಾವದಿಂದ ಬಂದ ಕಟ್ಟಳೆ. ಪಾಲಿಸುವ ಪೆಟ್ಟಿಗೆ ಯಾರ ಸ್ವತ್ತಾಗಿರಬೇಕೆಂಬುದು ಮನುಷ್ಯರು ಮಾಡಿಕೊಂಡ ಏರ್ಪಾಡು. ಅಮೆರಿಕದಲ್ಲಿ ಟೆಲಿಫೋನ್ ಕಂಪನಿಯು ಪರರ ಉಪಕರಣಗಳನ್ನು ತನ್ನ ಜಾಲಕ್ಕೆ ಜೋಡಿಸಲು ಬಿಡುತ್ತಿರಲಿಲ್ಲ. ಜಾಲ ಕೆಡುವುದೆಂದು ಅದರ ವಾದ. ಟೆಕ್ಸಾಸಿನ ಥಾಮಸ್ ಕಾರ್ಟರ್ ಎಂಬಾತನು ಟೆಲಿಫೋನಿಗೂ ರೇಡಿಯೊಗೂ ನಂಟು ಕಲ್ಪಿಸುವ 'ಕಾರ್ಟರ್‌ಫೋನ್' ಎಂಬ ಸಾಧನವನ್ನು ಮಾಡಿದನು. 1968ರಲ್ಲಿ ಅಲ್ಲಿನ ಸಂಪರ್ಕ ಆಯೋಗವು, ಜಾಲಕ್ಕೆ ಹಾನಿ ಮಾಡದ ಉಪಕರಣವನ್ನು ನಿಷೇಧಿಸುವುದು ಸಲ್ಲದೆಂದು ತೀರ್ಪಿತ್ತಿತು. ಜರ್ಮನಿಯಲ್ಲಿ ಇದೇ ಪ್ರಶ್ನೆ ರೂಟರಿನ ರೂಪದಲ್ಲಿ ಎದ್ದಿತು. ಪೆಟ್ಟಿಗೆಯೂ ಜಾಲದ ಭಾಗವೇ ಎಂದು ಹೇಳಿ ಕೆಲವು ಸಂಸ್ಥೆಗಳು ಗುಪ್ತಪದಗಳನ್ನು ಕೊಡುತ್ತಿರಲಿಲ್ಲ. 2016ರ ಆಗಸ್ಟ್ 1ರಂದು ಜಾರಿಗೆ ಬಂದ ಕಾನೂನು ಜಾಲದ ಕೊನೆಯನ್ನು ಗೋಡೆಯ ಸಾಕೆಟ್ಟಿನಲ್ಲಿ ಗುರುತಿಸಿತು. ಸಂಪರ್ಕದ ವಿವರಗಳನ್ನು ಗ್ರಾಹಕರಿಗೆ ಕೊಡಬೇಕೆಂದೂ ವಿಧಿಸಿತು.

ಅದೇ ವರ್ಷದ ನವೆಂಬರಿನಲ್ಲಿ ಜರ್ಮನಿಯಲ್ಲೇ ನಡೆದ ಘಟನೆಯೊಂದು ಈ ವಿಷಯದ ಇನ್ನೊಂದು ಮುಖವನ್ನು ತೋರಿಸಿತು. ಸಂಸ್ಥೆಯವರು ತಮ್ಮ ಪೆಟ್ಟಿಗೆಗಳನ್ನು ದೂರದಿಂದಲೇ ಸರಿಪಡಿಸುವುದಕ್ಕೆಂದು ಒಂದು ಹಿಂಬಾಗಿಲನ್ನು ಇಟ್ಟುಕೊಂಡಿರುತ್ತಾರೆ. ಆ ಬಾಗಿಲನ್ನು ದುಷ್ಕರ್ಮಿಗಳು ತಟ್ಟಲಾಗಿ ಡಾಯ್ಚ ಟೆಲಿಕಾಮಿನ ಸುಮಾರು 9 ಲಕ್ಷ ಗ್ರಾಹಕರ ಸಂಪರ್ಕ ಅಸ್ತವ್ಯಸ್ತವಾಯಿತು. ಆದರೆ ದೋಷವನ್ನು ನೀಗುವ ಹೊಸ ತಂತ್ರಾಂಶವನ್ನು ಸಂಸ್ಥೆಯು ಬೇಗನೆ ಒದಗಿಸಿತು. ಒಂದೇ ಬಗೆಯ ಪೆಟ್ಟಿಗೆ ಲಕ್ಷಾಂತರ ಮನೆಗಳಲ್ಲಿದ್ದರೆ ರೋಗವೂ ಬೇಗ ಹರಡುತ್ತದೆ, ಮದ್ದೂ ಬೇಗ ತಲಪುತ್ತದೆ. ಸ್ವಂತ ರೂಟರನ್ನು ಇಟ್ಟುಕೊಂಡವರು ಈ ಹೊಣೆಯನ್ನು ತಾವೇ ಹೊರಬೇಕು: ತಯಾರಕರು ತಂತ್ರಾಂಶವನ್ನು ತಿದ್ದಿ ಕಳುಹಿಸಿದಾಗಲೆಲ್ಲ ಅದನ್ನು ಸೇರಿಸಬೇಕು, ಮೊದಲಿನ ಗುಪ್ತಪದವನ್ನು ಬದಲಿಸಬೇಕು, ತಿದ್ದುಪಡಿ ನಿಂತುಹೋದ ಹಳೆಯ ಮಾದರಿಯನ್ನು ಕೈಬಿಡಬೇಕು.

ಹಣ ತೆರುವ ಮೊದಲು ಒಂದು ಸರಳ ಪರೀಕ್ಷೆಯನ್ನು ಮಾಡಬಹುದು. ಗಣಕವನ್ನು ಈಗಿನ ಪೆಟ್ಟಿಗೆಗೆ ತಂತಿಯಿಂದ ಜೋಡಿಸಿ ವೇಗವನ್ನು ಅಳೆಯಿರಿ. ಅನಂತರ ತಂತಿಯನ್ನು ತೆಗೆದು ದೂರದ ಕೋಣೆಯಲ್ಲಿ ವೈ-ಫೈ ಮೂಲಕ ಅಳೆಯಿರಿ. ತಂತಿಯಲ್ಲಿ ವೇಗ ಸರಿಯಾಗಿದ್ದು ಕೋಣೆಯಲ್ಲಿ ಕುಂದಿದರೆ ದೋಷವಿರುವುದು ರೇಡಿಯೊ ಭಾಗದಲ್ಲಿ. ಪೆಟ್ಟಿಗೆಯನ್ನು ಮನೆಯ ನಡುವೆ, ಎತ್ತರದಲ್ಲಿ ಇಟ್ಟು ನೋಡಿದರೆ ಖರ್ಚಿಲ್ಲದೆಯೇ ಅದು ಸರಿಹೋಗಬಹುದು. ಹೋಗದಿದ್ದರೆ ಹೊಸ ರೂಟರಿನಿಂದ ಪ್ರಯೋಜನವುಂಟು. ತಂತಿಯಲ್ಲಿಯೇ ವೇಗ ಕುಂದಿದ್ದರೆ ತಪ್ಪು ಹೆಚ್ಚಾಗಿ ಗೋಡೆಯಿಂದ ಆಚೆಗಿದೆ ಎಂದು ತಿಳಿಯಬೇಕು. ಅದಕ್ಕೆ ಕೇಳಬೇಕಾದುದು ಸಂಸ್ಥೆಯವರನ್ನು, ಅಂಗಡಿಯವರನ್ನಲ್ಲ.