ಹೊರ ರಾಜ್ಯದ ಹಳೇ ಕಾರು: ತೆರಿಗೆ ಯಾವ ಸ್ಲ್ಯಾಬು?

ಪುಣೆಯಿಂದ ಮೂರೂವರೆ ಲಕ್ಷಕ್ಕೆ ಒಂದು ಪೆಟ್ರೋಲ್ ಕಾರು ತಂದಿದ್ದೀರಿ. ಐದು ಲಕ್ಷದೊಳಗಿನ ಗಾಡಿ, ಜೀವಾವಧಿ ತೆರಿಗೆ 13 ಪರ್ಸೆಂಟ್ ಅಂತ ಲೆಕ್ಕ ಹಾಕಿದ್ರಾ? ತಪ್ಪು!

ಕರ್ನಾಟಕದ ಆರ್‌ಟಿಒ ನೋಡೋದು ನೀವು ಕೊಟ್ಟ ಬೆಲೆಯನ್ನಲ್ಲ, ಗಾಡಿ ಹೊಸದಿದ್ದಾಗಿನ ಇನ್‌ವಾಯ್ಸ್ ಬೆಲೆಯನ್ನ. ಆಗ ಎಂಟು ಲಕ್ಷ ಇತ್ತಾ? ಹಾಗಾದ್ರೆ 14 ಪರ್ಸೆಂಟ್ ಸ್ಲ್ಯಾಬು. ಸೆಸ್ ಬೇರೆ.

ಗಾಬರಿ ಬೇಡ, ಅಷ್ಟನ್ನೂ ಕಟ್ಟಬೇಕಿಲ್ಲ. ಆರ್‌ಸಿಯಲ್ಲಿ ಮೊದಲ ನೋಂದಣಿ ದಿನಾಂಕ ಇರುತ್ತಲ್ಲ, ಅದರಿಂದ ಗಾಡಿಯ ವಯಸ್ಸು ಎಣಿಸಿ ತೆರಿಗೆ ಇಳಿಸ್ತಾರೆ.

12 ತಿಂಗಳಿಗಿಂತ ಹೆಚ್ಚು ಇಲ್ಲೇ ಇಟ್ಟುಕೊಳ್ಳೋದಾದ್ರೆ ಕೆಎ ನಂಬರ್ ಕಡ್ಡಾಯ. ಅದಕ್ಕೆ ಹಳೇ ಆರ್‌ಟಿಒದ ಎನ್‌ಒಸಿ, ಅಂದ್ರೆ ಫಾರಂ 28 ಬೇಕು. ಹೊಸ ನಂಬರ್ ಬಂದಮೇಲೆ ಮಹಾರಾಷ್ಟ್ರದಲ್ಲಿ ಉಳಿದ ಅವಧಿಯ ತೆರಿಗೆ ವಾಪಸ್ ಕೇಳಬಹುದು, ಬಿಡಬೇಡಿ.

ಮಾರುವವರಿಗೆ ದುಡ್ಡು ಕೊಡುವ ಮೊದಲೇ ಆ ಹಳೇ ಇನ್‌ವಾಯ್ಸ್ ಇಸ್ಕೊಳ್ಳಿ.