ಗಿನಿಪಿಗ್‌ಗಳ ಕೂದಲು ಉದುರುವಿಕೆ: ಕಾರಣ ಮತ್ತು ಚಿಕಿತ್ಸೆ

ಹಸು, ಕುರಿ, ಕೋಳಿಗಳ ಆರೈಕೆಯ ವಿಷಯದಲ್ಲಿ ಹುತ್ತೂರು ಸೀಮೆಯ ಕೃಷಿಕ ಕುಟುಂಬಗಳಿಗೆ ನಾವು ಹೇಳಿಕೊಡಬೇಕಾದುದು ಹೆಚ್ಚೇನೂ ಇಲ್ಲ. ಆದರೆ ಮಕ್ಕಳ ಆಸೆಗಾಗಿ ಪೇಟೆಯ ಅಂಗಡಿಯಿಂದ ಮನೆಗೆ ಬರುವ ಗಿನಿಪಿಗ್ ಎಂಬ ಪುಟ್ಟ ಪ್ರಾಣಿಯ ವಿಷಯ ಬೇರೆ. ಇದು ದಕ್ಷಿಣ ಅಮೆರಿಕದ ಆಂಡೀಸ್ ಪರ್ವತ ಪ್ರದೇಶದ ಮೂಲದ್ದು. ಕುದುರೆಗಳ ಚಿಕಿತ್ಸೆಯನ್ನು ಶಾಲಿಹೋತ್ರರೂ ಆನೆಗಳ ಚಿಕಿತ್ಸೆಯನ್ನು ಪಾಲಕಾಪ್ಯರೂ ವಿವರಿಸಿರುವ ನಮ್ಮ ಪರಂಪರೆಗೆ ಈ ಪ್ರಾಣಿ ಹೊಸದು. ಆದರೂ ಆಯುರ್ವೇದದ ‘ನಿದಾನ ಪರಿವರ್ಜನ’, ಅಂದರೆ ರೋಗದ ಕಾರಣವನ್ನು ಕಂಡು ಅದನ್ನು ದೂರಮಾಡುವ ತತ್ತ್ವ, ಇದಕ್ಕೂ ಅನ್ವಯಿಸುತ್ತದೆ. ಕೂದಲು ಉದುರುವುದು ಸ್ವತಃ ಒಂದು ರೋಗವಲ್ಲ. ಒಳಗಿನ ಅಥವಾ ಹೊರಗಿನ ಯಾವುದೋ ತೊಂದರೆಯ ಲಕ್ಷಣ.

ಮೊದಲಿಗೆ ಒಂದು ಸಮಾಧಾನದ ಮಾತು. ಗಿನಿಪಿಗ್‌ನ ಎರಡೂ ಕಿವಿಗಳ ಹಿಂಭಾಗದಲ್ಲಿ ಕೂದಲಿಲ್ಲದ ಸಣ್ಣ ಜಾಗ ಹುಟ್ಟಿನಿಂದಲೇ ಇರುತ್ತದೆ. ಅದಕ್ಕೆ ಚಿಕಿತ್ಸೆ ಬೇಕಿಲ್ಲ. ಗರ್ಭಿಣಿಯಾದ ಹೆಣ್ಣಿಗೆ ಕೊನೆಯ ದಿನಗಳಲ್ಲಿ ಪಕ್ಕೆಗಳ ಕೂದಲು ತೆಳುವಾಗಬಹುದು. ಹೆರಿಗೆಯ ನಂತರ ಅದು ಸಾಮಾನ್ಯವಾಗಿ ಮತ್ತೆ ಬೆಳೆಯುತ್ತದೆ.

ಕೂದಲು ಎಲ್ಲಿ ಮತ್ತು ಹೇಗೆ ಉದುರಿದೆ ಎಂಬುದೇ ಕಾರಣವನ್ನು ಬಹುಮಟ್ಟಿಗೆ ಸೂಚಿಸುತ್ತದೆ.

ಕಜ್ಜಿಯ ನುಸಿ: ಬೆನ್ನು, ಭುಜಗಳ ಕೂದಲು ಉದುರಿ, ಚರ್ಮ ಹೊಟ್ಟುಗಟ್ಟಿ, ಪ್ರಾಣಿ ಬಿಡದೆ ಕೆರೆದುಕೊಳ್ಳುತ್ತಿದ್ದರೆ ಕಣ್ಣಿಗೆ ಕಾಣದ ನುಸಿಗಳೇ ಕಾರಣವಿರಬಹುದು. ತುರಿಕೆ ವಿಪರೀತವಾದಾಗ ಫಿಟ್ಸ್ ಬಂದಂತೆ ಒದ್ದಾಡುವುದೂ ಉಂಟು. ಪಶುವೈದ್ಯರು ತೂಕ ನೋಡಿ ಐವರ್‌ಮೆಕ್ಟಿನ್‌ನಂತಹ ಔಷಧವನ್ನು ನೀಡುತ್ತಾರೆ. ಅದು ಮೊಟ್ಟೆಗಳನ್ನು ಕೊಲ್ಲದ ಕಾರಣ, ಮರಿನುಸಿಗಳಿಗಾಗಿ ಕೆಲವು ದಿನಗಳ ಅಂತರದಲ್ಲಿ ಪುನಃ ಕೊಡಬೇಕಾಗುತ್ತದೆ. ಒಂದಕ್ಕೆ ಬಂದರೆ ಜೊತೆಯಲ್ಲಿರುವ ಎಲ್ಲಕ್ಕೂ ಚಿಕಿತ್ಸೆಯಾಗಬೇಕು.

ಶಿಲೀಂಧ್ರ: ಮೂಗು, ಕಣ್ಣು, ಕಿವಿಗಳ ಸುತ್ತ ದುಂಡಗೆ ಕೂದಲು ಉದುರಿ ಬಿಳಿ ಹೊಟ್ಟು ಕಂಡರೆ ಅದು ಶಿಲೀಂಧ್ರದ ಸೋಂಕಿರಬಹುದು. ನಮ್ಮ ವೈದ್ಯದಲ್ಲಿ ದದ್ರು ಎಂದೂ ಆಡುಮಾತಿನಲ್ಲಿ ಹುಳುಕಡ್ಡಿ ಎಂದೂ ಕರೆಯುವುದು ಇದೇ ಜಾತಿಯ ಸೋಂಕನ್ನು. ಇದು ಪ್ರಾಣಿಯಿಂದ ಮನುಷ್ಯರಿಗೂ ಹರಡುತ್ತದೆ. ಆದುದರಿಂದ ಮಗುವಿನ ಕೈ, ಕತ್ತು, ಮುಖಗಳಲ್ಲಿ ಉಂಗುರದಂತಹ ತುರಿಕೆಯ ಗುರುತು ಎದ್ದಾಗ, ಮನೆಯಲ್ಲಿ ಗಿನಿಪಿಗ್ ಇರುವ ಸಂಗತಿಯನ್ನು ವೈದ್ಯರಿಗೆ ತಪ್ಪದೆ ತಿಳಿಸಬೇಕು. ಮಗುವಿಗೆ ಮಾತ್ರ ಮುಲಾಮು ಹಚ್ಚಿ ಪ್ರಾಣಿಯನ್ನು ಹಾಗೆಯೇ ಬಿಟ್ಟರೆ ಸೋಂಕು ಮರಳಿ ಬರುತ್ತದೆ. ವಾಸಿಯಾಗಲು ಹಲವು ವಾರಗಳು ಬೇಕು. ಅಲ್ಲಿಯವರೆಗೆ ಮುಟ್ಟಿದ ಮೇಲೆ ಸೋಪಿನಿಂದ ಕೈ ತೊಳೆಯುವುದು, ಗೂಡಿನ ಹಾಸುಹುಲ್ಲನ್ನು ಆಗಾಗ ಬದಲಿಸುವುದು ಅಗತ್ಯ.

ಅಂಡಾಶಯದ ನೀರುಗುಳ್ಳೆ: ಎರಡು-ಮೂರು ವರ್ಷ ದಾಟಿದ ಹೆಣ್ಣಿನ ಎರಡೂ ಪಕ್ಕೆಗಳಲ್ಲಿ ತುರಿಕೆಯಿಲ್ಲದೆ ಸಮನಾಗಿ ಕೂದಲು ಉದುರಿದರೆ ಇದನ್ನು ಶಂಕಿಸಬೇಕು. ಸ್ಕ್ಯಾನ್ ಮಾಡಿ ತಿಳಿಯಬಹುದು. ಶಸ್ತ್ರಚಿಕಿತ್ಸೆ ಅಥವಾ ಹಾರ್ಮೋನ್ ಚುಚ್ಚುಮದ್ದು ಇದಕ್ಕಿರುವ ಉಪಾಯ. ಮೇಲೆ ಹಚ್ಚುವ ಯಾವ ತೈಲವೂ ಇಲ್ಲಿ ಫಲಿಸದು.

ಕಚ್ಚಿಕೊಳ್ಳುವಿಕೆ: ಚರ್ಮ ಸ್ವಚ್ಛವಾಗಿದ್ದು ಕೂದಲು ಕತ್ತರಿಸಿದಂತೆ ಮೋಟಾಗಿದ್ದರೆ ತಾನೇ ಅಥವಾ ಜೊತೆಯ ಪ್ರಾಣಿ ಕಚ್ಚಿರುತ್ತದೆ. ಇಕ್ಕಟ್ಟಾದ ಗೂಡು, ಒಣಹುಲ್ಲಿನ ಕೊರತೆ, ಬೇಸರ ಇದಕ್ಕೆ ಮೂಲ. ಸ್ಥಳ ಹೆಚ್ಚಿಸಿ, ಸದಾ ಹುಲ್ಲು ದೊರೆಯುವಂತೆ ಮಾಡಿದರೆ ಬಹುಪಾಲು ಸುಧಾರಿಸುತ್ತದೆ.

ಆಹಾರದ ಕೊರತೆ: ಮನುಷ್ಯರಂತೆಯೇ ಗಿನಿಪಿಗ್‌ಗೂ ‘ಸಿ’ ಜೀವಸತ್ವವನ್ನು ದೇಹದಲ್ಲಿ ತಯಾರಿಸಿಕೊಳ್ಳುವ ಶಕ್ತಿಯಿಲ್ಲ. 1907ರಲ್ಲಿ ನಾರ್ವೆಯ ಹೋಲ್ಸ್ಟ್ ಮತ್ತು ಫ್ರೋಲಿಕ್ ಎಂಬ ವಿಜ್ಞಾನಿಗಳು ಕೇವಲ ಧಾನ್ಯ ತಿನ್ನಿಸಿದ ಗಿನಿಪಿಗ್‌ಗಳಲ್ಲಿ ಸ್ಕರ್ವಿ ರೋಗವನ್ನು ಕಂಡರು; ಈ ಜೀವಸತ್ವದ ಶೋಧಕ್ಕೆ ಅದು ದಾರಿಯಾಯಿತು. ಕೊರತೆಯಾದರೆ ಎರಡು-ಮೂರು ವಾರಗಳಲ್ಲೇ ಕೂದಲು ಒರಟಾಗಿ, ಕೀಲು ಊದಿ, ಪ್ರಾಣಿ ನಡೆಯಲಾರದೆ ಮೇವು ಬಿಡುತ್ತದೆ. ಮೊಲವು ಈ ಜೀವಸತ್ವವನ್ನು ತಾನೇ ತಯಾರಿಸಿಕೊಳ್ಳಬಲ್ಲುದು. ಆದ್ದರಿಂದ ಮೊಲದ ಗುಳಿಗೆ ಮೇವನ್ನೇ ನಂಬಿದರೆ ಗಿನಿಪಿಗ್‌ಗೆ ಅಪಾಯ. ದಿನಕ್ಕೆ ಪ್ರತಿ ಕಿಲೋ ತೂಕಕ್ಕೆ ಕನಿಷ್ಠ 10 ಮಿಲಿಗ್ರಾಂ, ಗರ್ಭಿಣಿಗೆ 30 ಮಿಲಿಗ್ರಾಂವರೆಗೆ ಬೇಕು. ನಮ್ಮ ಜಿಲ್ಲೆಯಲ್ಲಿ ಬೆಳೆಯುವ ದಪ್ಪ ಮೆಣಸಿನಕಾಯಿಯ ಒಂದೆರಡು ಹೋಳು, ಕೊತ್ತಂಬರಿ ಸೊಪ್ಪು, ಆಗೊಮ್ಮೆ ಸೀಬೆ ಹಣ್ಣಿನ ಸಣ್ಣ ಚೂರು ಈ ಕೊರತೆಯನ್ನು ನೀಗಿಸಬಲ್ಲವು. ಮುಖ್ಯ ಆಹಾರ ಮಾತ್ರ ಗರಿಕೆ ಮತ್ತು ಒಣಹುಲ್ಲೇ ಆಗಿರಬೇಕು. ಟೊಮೆಟೊ ಮತ್ತು ಆಲೂಗೆಡ್ಡೆ ಗಿಡಗಳ ಎಲೆ ವಿಷಕಾರಿ. ತೋಟದಿಂದ ಮಕ್ಕಳು ಅವನ್ನು ಕಿತ್ತು ಹಾಕದಂತೆ ನೋಡಿಕೊಳ್ಳಬೇಕು. ಔಷಧ ಸಿಂಪಡಿಸಿದ ಯಾವ ಸೊಪ್ಪನ್ನೂ ಕೊಡಬಾರದು.

ಮಾಡಬಾರದ ಕೆಲವು ಸಂಗತಿಗಳನ್ನು ಒತ್ತಿ ಹೇಳಬೇಕಿದೆ. ಬೀದಿನಾಯಿಯ ಕಜ್ಜಿಗೆ ಹಚ್ಚುವ ಎಂಜಿನ್ ಎಣ್ಣೆ, ಸೀಮೆಎಣ್ಣೆ, ಕರ್ಪೂರ ಬೆರೆಸಿದ ತೈಲಗಳನ್ನು ಹಚ್ಚಬಾರದು. ಪ್ರಾಣಿ ಮೈ ನೆಕ್ಕಿಕೊಳ್ಳುವುದರಿಂದ ವಿಷ ಹೊಟ್ಟೆ ಸೇರುತ್ತದೆ. ಮನೆಯಲ್ಲಿ ಉಳಿದಿರುವ ಅಮಾಕ್ಸಿಸಿಲಿನ್ ಮಾತ್ರೆಯನ್ನು ಕೊಡಲೇಬಾರದು. ಅದು ಕರುಳಿನ ಉಪಕಾರಿ ಜೀವಾಣುಗಳನ್ನು ಕೊಂದು ಪ್ರಾಣಕ್ಕೇ ಎರವಾಗಬಹುದು. ಮನುಷ್ಯರಿಗೆ ಹಿತವಾದ ನಮ್ಮ ಆಯುರ್ವೇದ ಔಷಧಗಳನ್ನೂ ಅಳತೆ ಅರಿಯದೆ ಈ ಪ್ರಾಣಿಗೆ ಪ್ರಯೋಗಿಸುವುದು ತರವಲ್ಲ.

ಕೂದಲು ಉದುರುವುದು ಒಂದು ವಾರವಾದರೂ ನಿಲ್ಲದಿದ್ದರೆ ಅಥವಾ ಚರ್ಮದಲ್ಲಿ ಹುಣ್ಣಾದರೆ ತಾಲ್ಲೂಕಿನ ಪಶು ಆಸ್ಪತ್ರೆಗೆ ತೋರಿಸಬೇಕು. ಹೆಚ್ಚಿನ ತಪಾಸಣೆ ಬೇಕೆಂದಾಗ ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿದೆ. ಅರ್ಧ ದಿನ ಮೇವು ಮುಟ್ಟದಿದ್ದರೆ ತಡಮಾಡದೆ ಕರೆದೊಯ್ಯಬೇಕು. ಈ ಪ್ರಾಣಿ ತನ್ನ ನೋವನ್ನು ಅಡಗಿಸಿಕೊಳ್ಳುವ ಸ್ವಭಾವದ್ದು. ನೋವು ನಮಗೆ ಕಾಣುವ ಹೊತ್ತಿಗೆ ರೋಗ ಬಲಿತಿರುತ್ತದೆ. ವಾರಕ್ಕೊಮ್ಮೆ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ ಬರೆದಿಡುವ ಕೆಲಸವನ್ನು ಮಕ್ಕಳಿಗೇ ವಹಿಸಿರಿ. ತೂಕ ಇಳಿದುದು ಕೂದಲು ಉದುರುವುದಕ್ಕೂ ಮೊದಲೇ ಎಚ್ಚರಿಕೆ ನೀಡಬಲ್ಲುದು; ಮೂಕಜೀವಿಯ ಹೊಣೆ ಹೊರುವ ಅಭ್ಯಾಸವೂ ಮಕ್ಕಳಿಗೆ ಆಗುತ್ತದೆ.